ಅಡ್ಡಹೆಸರು, ಊರು, ವಂಶ: ಓಝರ್ ನಿಮಿತ್ತವಾಗಿ ಕೆಲವು ವಿಚಾರಗಳು

ನಾಸಿಕ್ ಜಿಲ್ಲೆಯ ನಿಫಾಡ್ ತಾಲೂಕಿನಲ್ಲಿ, ಮುಂಬಯಿ-ಆಗ್ರಾ ಹೆದ್ದಾರಿಯ ಮೇಲಿರುವ ಊರು ಓಝರ್. ಮಿಗ್ ವಿಮಾನಗಳ ತಯಾರಿಕೆಗಾಗಿ 1964ರಲ್ಲಿ ಇಲ್ಲಿ ಸ್ಥಾಪನೆಯಾದ ಕಾರ್ಖಾನೆ, ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯುಳ್ಳ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಗೆ ಸೇರಿದ್ದು. ಉದ್ಯೋಗನಿಮಿತ್ತ ಬಂದ ಕನ್ನಡ ಕುಟುಂಬಗಳೂ ಈ ಪರಿಸರದಲ್ಲಿ ನೆಲೆಸಿವೆ. ಇಂಥ ಊರಿನಲ್ಲಿ ಬಾಗಿಲ ಮೇಲಿನ ‘ಕುಲಕರ್ಣಿ’ ಅಥವಾ ‘ಪಾಟೀಲ’ ಎಂಬ ಫಲಕವು ಒಳಗಿರುವವರ ಮನೆಮಾತು ಕನ್ನಡವೋ ಮರಾಠಿಯೋ ಎಂಬುದನ್ನು ಹೇಳಲಾರದು. ಮೂರನೆಯ ತಲೆಮಾರಿನವರು ತಮ್ಮ ಮೂಲವನ್ನು ಹುಡುಕಹೊರಟಾಗ ಎದುರಾಗುವ ಮೊದಲ ತೊಡಕೇ ಇದು.

ಈ ಅಡ್ಡಹೆಸರುಗಳು ವಂಶಸೂಚಕಗಳಲ್ಲ, ಅಧಿಕಾರಸೂಚಕಗಳು ಎಂಬುದನ್ನು ನಾವು ಮೊದಲು ಗಮನಿಸಬೇಕು. ಕುಲಕರ್ಣಿ ಗ್ರಾಮದ ಲೆಕ್ಕಿಗ; ದೇಶಪಾಂಡೆ ಪರಗಣೆಯ ಲೆಕ್ಕಿಗ; ಪಾಟೀಲ ಗ್ರಾಮದ ಮುಖ್ಯಸ್ಥ. ಲಿಂಗಾಯತ, ಮರಾಠಾ, ಜೈನ, ಮುಸ್ಲಿಂ ಸಮುದಾಯಗಳೆಲ್ಲದರಲ್ಲಿಯೂ ಪಾಟೀಲರಿದ್ದಾರೆ. ಆದ್ದರಿಂದ ಹೆಸರಿನ ಸಾಮ್ಯದಿಂದ ರಕ್ತಸಂಬಂಧವನ್ನು ಊಹಿಸುವುದು ಶಾಸ್ತ್ರೀಯವಲ್ಲ.

ಇಂಗ್ಲೆಂಡಿನಲ್ಲಿ 1841ರಿಂದ ಮುಂದಿನ ಜನಗಣತಿಗಳಲ್ಲಿ ವ್ಯಕ್ತಿಗಳ ಹೆಸರುಗಳು ಉಳಿದಿದ್ದು, ನೂರು ವರ್ಷಗಳ ನಂತರ ಅವು ಸಂಶೋಧಕರಿಗೆ ತೆರೆದುಕೊಳ್ಳುತ್ತವೆ. ಭಾರತದ ಸ್ಥಿತಿ ಬೇರೆ. 1881ರಿಂದ ಹತ್ತು ವರ್ಷಗಳಿಗೊಮ್ಮೆ ನಡೆದ ಗಣತಿಗಳಿಂದ ನಮಗೆ ದೊರೆಯುವುದು ಕೋಷ್ಟಕಗಳೇ ಹೊರತು ಹೆಸರುಗಳಲ್ಲ. 1948ರ ಜನಗಣತಿ ಕಾಯಿದೆಯೂ ವ್ಯಕ್ತಿಗತ ವಿವರಗಳನ್ನು ಗೋಪ್ಯವಾಗಿರಿಸಿದೆ. ಆದರೂ ಗಣತಿಯ ಸಂಪುಟಗಳು ನಿರುಪಯುಕ್ತವಲ್ಲ. ಒಂದು ಸೀಮೆಯ ಭಾಷೆ, ಜಾತಿಗಳ ಹಂಚಿಕೆಯನ್ನು ಅವು ತಿಳಿಸುತ್ತವೆ. ಆದರೆ ಜಿಲ್ಲೆಗಳ ಹೆಸರು, ಎಲ್ಲೆಗಳು ಬದಲಾದುದನ್ನು ಮರೆಯಬಾರದು. ವಿಜಾಪುರ ಜಿಲ್ಲೆ ಮೊದಲು ಕಲಾದಗಿ ಜಿಲ್ಲೆಯಾಗಿತ್ತು. ಉತ್ತರ ಕನ್ನಡವು 1862ರಲ್ಲಿ ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. 1956ರಲ್ಲಿ ಇವೆರಡೂ ಧಾರವಾಡ, ಬೆಳಗಾವಿಗಳೊಡನೆ ಮೈಸೂರು ರಾಜ್ಯಕ್ಕೆ ಬಂದವು.

ಇಗರ್ಜಿಯ ದಾಖಲೆಗಳುಳ್ಳ ಮಂಗಳೂರು ಸೀಮೆಯ ಕ್ಯಾಥೊಲಿಕರ ಇತಿಹಾಸವೂ ಇಲ್ಲಿ ಬೋಧಪ್ರದವಾಗಿದೆ. ಡಿಸೋಜ, ಪಿಂಟೊ ಮುಂತಾದ ಪೋರ್ಚುಗೀಸ್ ಅಡ್ಡಹೆಸರುಗಳು ಗೋವೆಯಲ್ಲಿ ಮತಾಂತರದ ಸಮಯದಲ್ಲಿ ಬಂದವು. ಸಂಬಂಧವಿಲ್ಲದ ಮನೆತನಗಳಿಗೂ ಒಂದೇ ಹೆಸರು ದೊರೆಯಿತು. 1784ರಲ್ಲಿ ಟಿಪ್ಪು ಸುಲ್ತಾನನು ಈ ಜನರನ್ನು ಸೆರೆಯೊಯ್ದಾಗ ಇಗರ್ಜಿಗಳು ನೆಲಸಮವಾದವು. ಬದುಕುಳಿದವರು 1799ರ ನಂತರ ಮರಳಿದರು. ಹೀಗಾಗಿ ದೀಕ್ಷಾಸ್ನಾನ, ವಿವಾಹ, ಮರಣಗಳ ವಹಿಗಳ ಸರಣಿಯು ಆ ಕಾಲದಲ್ಲಿ ತುಂಡಾಗುತ್ತದೆ. ಅಲ್ಲಿಯೂ ಕೈಹಿಡಿಯುವುದು ಅಡ್ಡಹೆಸರಲ್ಲ. ಊರು, ಮನೆ ಮತ್ತು ಕೆಲವು ಮನೆತನಗಳು ಉಳಿಸಿಕೊಂಡ ಪ್ರಭು, ಕಾಮತ್, ಶೇಟ್ ಎಂಬ ಹಳೆಯ ಕುಲನಾಮಗಳು.

ಓಝರ್‌ನ ಸಂಶೋಧಕನಿಗೆ ಬೇರೊಂದು ಆಕರವು ಸಮೀಪದಲ್ಲೇ ಇದೆ. ನಾಸಿಕ್ ಮತ್ತು ತ್ರ್ಯಂಬಕೇಶ್ವರದ ತೀರ್ಥಪುರೋಹಿತರು ಯಾತ್ರಿಕರ ವಹಿಗಳನ್ನು ಪರಂಪರೆಯಿಂದ ಕಾಯ್ದುಕೊಂಡು ಬಂದಿದ್ದಾರೆ. ಯಾತ್ರೆಗೆ ಬಂದವನು ತನ್ನ ಊರು, ತಂದೆ, ತಾತ, ಸಹೋದರರು, ಮಕ್ಕಳ ಹೆಸರುಗಳನ್ನು ಬರೆಯಿಸಿ ಸಹಿ ಹಾಕುತ್ತಿದ್ದನು. ಈ ವಹಿಗಳನ್ನು ತೆರೆಯಬೇಕಾದರೆ ಮೂಲಗ್ರಾಮದ ಹೆಸರು ಬೇಕು. ‘ಕುಲಕರ್ಣಿ’ ಎಂದಷ್ಟೇ ಹೇಳಿದರೆ ಫಲವಿಲ್ಲ.

ಮೂಲಗ್ರಾಮವು ಗೊತ್ತಾದ ಬಳಿಕ ವತನದ ಕಾಗದಗಳನ್ನು ನೋಡಬಹುದು. 1874ರ ಮುಂಬಯಿ ವಂಶಪಾರಂಪರ್ಯ ಹುದ್ದೆಗಳ ಕಾಯಿದೆಯ ಅನ್ವಯ ವತನದ ವಾರಸುದಾರರನ್ನು ನಿರ್ಣಯಿಸಬೇಕಾಗಿದ್ದುದರಿಂದ ವಂಶಾವಳಿಗಳು ಸರಕಾರಿ ಕಡತಗಳನ್ನು ಸೇರಿದವು. ಪೇಶ್ವೆಯರ ಕಾಲದ ದಫ್ತರವು ಪುಣೆಯಲ್ಲಿದೆ. ಅದರ ಬಹುಭಾಗ ಮೋಡಿ ಲಿಪಿಯಲ್ಲಿರುವುದರಿಂದ ಆ ಲಿಪಿಯ ಪರಿಚಯ ಅನಿವಾರ್ಯ.

ಈ ಎಲ್ಲ ಆಕರಗಳಿಗೂ ಒಂದು ಮಿತಿಯಿದೆ. ವತನವು ಪ್ರಾಯಶಃ ಗಂಡುಸಂತಾನದಲ್ಲಿ ಹರಿಯಿತು. ಆದ್ದರಿಂದ ತಾಯಿ, ಅಜ್ಜಿಯರ ತವರು ಕಾಗದದಲ್ಲಿ ಮರೆಯಾಗುತ್ತದೆ. ದತ್ತಕದಿಂದ ರಕ್ತದ ಎಳೆ ಬದಲಾದರೂ ಅಡ್ಡಹೆಸರು ಹಾಗೆಯೇ ಮುಂದುವರಿಯುತ್ತದೆ. ಭೂಮಿಯೂ ಹುದ್ದೆಯೂ ಇಲ್ಲದವರ ಪೂರ್ವಜರಂತೂ ವತನದ ಕಡತಗಳಲ್ಲಿ ವಾರಸುದಾರರಾಗಿ ಕಾಣಿಸಿಕೊಳ್ಳುವುದೇ ಇಲ್ಲ.

ಆದ್ದರಿಂದ ಹೊರನಾಡಿನ ಸಂಶೋಧಕರು ಕಡತಗಳಿಗಿಂತ ಮೊದಲು ಮನೆಯ ಹಿರಿಯರನ್ನು, ಅದರಲ್ಲಿಯೂ ಅಜ್ಜಿಯರನ್ನು ಕೇಳಬೇಕೆಂದು ನಾವು ಭಾವಿಸುತ್ತೇವೆ. ಮೂಲಗ್ರಾಮ, ಮನೆದೇವರು, ಬೆಡಗು ಅಥವಾ ಗೋತ್ರ, ಹೆಣ್ಣು ತಂದ ಊರುಗಳು ಇಷ್ಟನ್ನು ಬರೆದಿಟ್ಟುಕೊಂಡರೆ ಹಳೆಯ ಕಾಗದಗಳು ಮಾತನಾಡತೊಡಗುತ್ತವೆ. ದಫ್ತರಗಳು ಇನ್ನೂ ಕೆಲವು ಕಾಲ ಉಳಿದಾವು. ಆ ಹಿರಿಯರ ನೆನಪು ಅಷ್ಟು ಕಾಲ ಕಾಯಲಾರದು.