ಲಾಲ್‌ಬಾಗಿನ ವರ್ಷಚಕ್ರ: ಒಂದು ಜಾನಪದೀಯ ನೋಟ

ಬೆಂಗಳೂರಿನ ಲಾಲ್‌ಬಾಗ್ ಕುರಿತ ಬರಹಗಳಿಗೇನೂ ಕೊರತೆಯಿಲ್ಲ. ಆದರೆ ಅವುಗಳಲ್ಲಿ ಹೆಚ್ಚಿನವು ಸಸ್ಯಗಳ ಪಟ್ಟಿಯಾಗಿವೆ, ಇಲ್ಲವೇ ಅರಸರ ಮತ್ತು ಅಧಿಕಾರಿಗಳ ಪರಂಪರೆಯನ್ನು ನಿರೂಪಿಸುವ ಕಥನಗಳಾಗಿವೆ. ಯಾವ ಗಿಡ ಯಾವ ದೇಶದಿಂದ ಬಂದಿತೆಂಬುದು ದಾಖಲಾಗಿದೆ. ಅದರ ಬುಡಕ್ಕೆ ನೀರೆರೆದವರು ಯಾರೆಂಬುದು ದಾಖಲಾಗಿಲ್ಲ. ಸುಮಾರು 240 ಎಕರೆಗಳ ಈ ತೋಟಕ್ಕೆ ಜನರು ವರ್ಷದ ಹನ್ನೆರಡು ತಿಂಗಳೂ ಬರುತ್ತಾರೆ. ಹೀಗೆ ಬರುವವರ ವಿಹಾರಕ್ಕೆ ತನ್ನದೇ ಆದ ಒಂದು ಕಾಲಗಣನೆಯಿದೆ, ಆಟಗಳಿವೆ, ಹೆಸರುಗಳಿವೆ. ಅದನ್ನು ಜಾನಪದದ ನೆಲೆಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ವಿಹಾರವೆಂಬುದು ಕನ್ನಡ ನಾಡಿಗೆ ಹೊಸ ಕಲ್ಪನೆಯಲ್ಲ. ಚಂಪೂ ಕಾವ್ಯಗಳ ಅಷ್ಟಾದಶ ವರ್ಣನೆಗಳಲ್ಲಿ ವನವಿಹಾರ, ಜಲಕ್ರೀಡೆಗಳಿಗೆ ಸ್ಥಾನವಿದೆ. ಆದರೆ ಅದು ಅರಸನ ಮತ್ತು ಅಂತಃಪುರದ ವಿಹಾರ. ಸಾಮಾನ್ಯ ಜನರ ಬಯಲ ವಿಹಾರವು ಜಾತ್ರೆ, ಪರಿಷೆ, ಕಾರ್ತಿಕ ಮಾಸದ ವನಭೋಜನಗಳಲ್ಲಿ ನಡೆಯುತ್ತಿತ್ತು. ನೆಲ್ಲಿಯ ಮರದಡಿ ಬುತ್ತಿ ಬಿಚ್ಚಿ ಉಣ್ಣುವ ವನಭೋಜನದಲ್ಲಿ ಪೂಜೆ ಎಲ್ಲಿ ಮುಗಿದು ವಿನೋದ ಎಲ್ಲಿ ಮೊದಲಾಗುತ್ತದೆಂದು ಹೇಳುವುದು ಕಷ್ಟ. ಎಲ್ಲ ದಿನಗಳಲ್ಲಿಯೂ ತೆರೆದಿರುವ, ಸರ್ಕಾರ ಪೋಷಿಸುವ, ದೇವರ ನೆಪವಿಲ್ಲದ ‘ಸಾರ್ವಜನಿಕ ಉದ್ಯಾನ’ವು ಈ ಪರಂಪರೆಗೆ ಹತ್ತೊಂಬತ್ತನೆಯ ಶತಮಾನದಲ್ಲಿ ಬಂದು ಸೇರಿತು.

ತೋಟದ ಚರಿತ್ರೆ ಅನೇಕರಿಗೆ ತಿಳಿದಿರುವುದರಿಂದ ಇಲ್ಲಿ ಸಂಗ್ರಹವಾಗಿ ಹೇಳಿದರೆ ಸಾಕು. 1760ರಲ್ಲಿ ಹೈದರ್ ಅಲಿ ಶಿರಾದ ಮೊಗಲ್ ಮಾದರಿಯ ತೋಟವನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಆರಂಭಿಸಿದನು. ಟಿಪ್ಪು ಸುಲ್ತಾನನು ಹೊರನಾಡುಗಳಿಂದ ಬೀಜ, ಸಸಿಗಳನ್ನು ತರಿಸಿ ಬೆಳೆಸಿದನು. 1799ರ ನಂತರ ಕೆಲಕಾಲ ಹಲವರ ಕೈ ಬದಲಾಯಿಸಿದ ತೋಟವು 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಯಿತು. ಇಂಗ್ಲೆಂಡಿನ ಕ್ಯೂ ಉದ್ಯಾನದಿಂದ ವಿಲಿಯಂ ನ್ಯೂ, ಆ ಬಳಿಕ 1874ರಲ್ಲಿ ಜಾನ್ ಕ್ಯಾಮರಾನ್ ಬಂದರು. ಕ್ಯಾಮರಾನ್ ಅವರ ಕಾಲದಲ್ಲಿ ತೋಟದ ವಿಸ್ತಾರ ಹಲವು ಪಟ್ಟು ಹೆಚ್ಚಿತು. 1889ರ ನವೆಂಬರ್ 30ರಂದು ರಾಜಕುಮಾರ ಆಲ್ಬರ್ಟ್ ವಿಕ್ಟರ್ ಗಾಜಿನ ಮನೆಗೆ ಅಡಿಗಲ್ಲು ಹಾಕಿದನು. ಅದರ ಕಬ್ಬಿಣದ ಭಾಗಗಳು ಗ್ಲಾಸ್ಗೋ ನಗರದ ಎರಕದ ಕಾರ್ಖಾನೆಯಿಂದ ಬಂದವು.

1908ರಲ್ಲಿ ಬಂದ ಜರ್ಮನ್ ಮೂಲದ ಜಿ. ಎಚ್. ಕ್ರುಂಬಿಗಲ್ ಅವರದು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ ಕೊಡುಗೆ. ಒಂದು ಜಾತಿಯ ಮರದ ಹೂ ಮುಗಿಯುವ ಹೊತ್ತಿಗೆ ಮತ್ತೊಂದು ಅರಳುವಂತೆ ಬೆಂಗಳೂರಿನ ಬೀದಿಗಳಲ್ಲಿ, ಉದ್ಯಾನಗಳಲ್ಲಿ ಸಾಲು ನೆಡುವ ಯೋಜನೆಯನ್ನು ಅವರ ಹೆಸರಿನೊಂದಿಗೆ ಗುರುತಿಸಲಾಗುತ್ತದೆ. ಫೆಬ್ರವರಿಯ ಸುಮಾರಿಗೆ ನೀಲಿ ಜಕರಂಡ, ಬೇಸಿಗೆಯಲ್ಲಿ ಗುಲ್‌ಮೊಹರ್, ಮಳೆಗಾಲ ಕಳೆದ ಮೇಲೆ ಆಕಾಶಮಲ್ಲಿಗೆ. ನಗರವಾಸಿಗಳಿಗೆ ಇದು ಪಂಚಾಂಗವಿಲ್ಲದ ಪಂಚಾಂಗವಾಯಿತು.

ಇದು ಅಧಿಕಾರಿಯ ಯೋಜನೆ. ಅದನ್ನು ಜನರು ತಮ್ಮದನ್ನಾಗಿ ಮಾಡಿಕೊಂಡ ಬಗೆಯನ್ನು ಹೆಸರುಗಳಲ್ಲಿ, ಮಕ್ಕಳ ಆಟಗಳಲ್ಲಿ ಹುಡುಕಬೇಕು. ಆಫ್ರಿಕಾದಿಂದ ಬಂದ ಕೆಂಪು ಹೂವಿನ ಮರವೊಂದಕ್ಕೆ ಕನ್ನಡದಲ್ಲಿ ‘ನೀರುಕಾಯಿ ಮರ’ ಎಂದು ಹೆಸರು. ಅದರ ಮೊಗ್ಗಿನೊಳಗೆ ನೀರು ತುಂಬಿರುತ್ತದೆ. ತುದಿ ಚಿವುಟಿ ಹಿಚುಕಿದರೆ ಪಿಚಕಾರಿಯಂತೆ ಚಿಮ್ಮುತ್ತದೆ. ಮರದ ಈ ಹೆಸರು ಹುಟ್ಟಿರುವುದು ಮಕ್ಕಳ ಆಟದಿಂದಲೇ. ಮಡಗಾಸ್ಕರಿನ ಗುಲ್‌ಮೊಹರ್ ಹೂವಿನ ಕೇಸರಗಳನ್ನು ಒಂದಕ್ಕೊಂದು ಕೊಕ್ಕೆ ಹಾಕಿ ಎಳೆದು, ಯಾರ ಕೇಸರದ ತಲೆ ಉದುರುವುದೋ ಅವರು ಸೋತರೆಂದು ಎಣಿಸುವ ಆಟವನ್ನು ನಮ್ಮ ತಲೆಮಾರಿನ ಬಹುತೇಕರು ಆಡಿದ್ದೇವೆ. ಅದೇ ಮರದ ಒಣಗಿದ ಉದ್ದನೆಯ ಕಾಯಿ ಮಕ್ಕಳ ಕೈಯಲ್ಲಿ ಕತ್ತಿಯಾಯಿತು. ‘ಕತ್ತಿಕಾಯಿ’ ಎಂಬ ಹೆಸರೂ ಬಂದಿತು. ಇನ್ನೂ ಸ್ವಾರಸ್ಯಕರವಾದುದು ದಕ್ಷಿಣ ಅಮೆರಿಕದ ಮರವೊಂದರ ಕಥೆ. ಅದರ ಗುಂಡು ಕಾಯಿಗಳನ್ನು ನೋಡಿದ ಆಂಗ್ಲರು ಫಿರಂಗಿ ಗುಂಡಿನ ಮರವೆಂದರು. ನಮ್ಮವರು ಹೂವನ್ನು ನೋಡಿದರು. ಅಲ್ಲಿ ಅವರಿಗೆ ಹೆಡೆ ಬಿಚ್ಚಿದ ನಾಗ, ಅದರ ಕೆಳಗಿನ ಲಿಂಗ ಕಂಡವು. ನಾಗಲಿಂಗ ಪುಷ್ಪವೆಂದು ಕರೆದು ಶಿವಾಲಯದ ಅಂಗಳಕ್ಕೆ ಕೊಂಡೊಯ್ದರು. ಒಂದು ಪರದೇಶಿ ಸಸ್ಯವು ಇಷ್ಟು ಅಲ್ಪಾವಧಿಯಲ್ಲಿ ಪೂಜೆಯ ವಸ್ತುವಾದುದಕ್ಕೆ ಬೇರೆ ನಿದರ್ಶನಗಳು ಹೆಚ್ಚಿಲ್ಲ. ಕ್ಯಾಮರಾನ್ ಪರಿಚಯಿಸಿದರೆನ್ನಲಾದ ತರಕಾರಿಯನ್ನು ಮಾತ್ರ ‘ಸೀಮೆ ಬದನೆ’ ಎಂದು ಕರೆದು, ಅದು ಹೊರಗಿನದೆಂಬ ಗುರುತನ್ನು ಉಳಿಸಿಕೊಂಡರು. ಅಡುಗೆಮನೆಗೆ ಬರುವುದಕ್ಕೆ ಆ ಗುರುತು ಅಡ್ಡಿಯಾಗಲಿಲ್ಲ.

ಕೆಂಪೇಗೌಡ ಗೋಪುರವಿರುವ ಬಂಡೆಯನ್ನೂ ಇದೇ ದೃಷ್ಟಿಯಿಂದ ನೋಡಬಹುದು. ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯದಾದ ಈ ಶಿಲೆಯನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಬಂಡೆಯ ಮೇಲೆ ಕುಳಿತು ಕಡಲೆಕಾಯಿ ಬಿಡಿಸುವ ಕುಟುಂಬಗಳಿಗೆ ಮಾತ್ರ ನೆನಪಿರುವುದು, ನಾಲ್ಕು ಗೋಪುರಗಳ ಎಲ್ಲೆ ಮೀರಿ ಊರು ಬೆಳೆಯುವುದೆಂಬ, ಇಲ್ಲವೇ ಬೆಳೆಯಬಾರದೆಂಬ ಐತಿಹ್ಯ. ಎರಡೂ ಪಾಠಗಳು ಬಳಕೆಯಲ್ಲಿವೆ. ಇಂದು ಆ ಬಂಡೆಯ ಮೇಲೆ ನಿಂತು ಯಾವ ದಿಕ್ಕಿಗೆ ನೋಡಿದರೂ ಊರಿನ ಕೊನೆ ಕಾಣುವುದಿಲ್ಲ.

ಈಗ ನೀರೆರೆದವರ ವಿಷಯ. ಬೆಂಗಳೂರಿನ ತೋಟಗಾರಿಕೆಯ ಚರಿತ್ರೆಯನ್ನು ತಿಗಳ ಸಮುದಾಯವನ್ನು ಬಿಟ್ಟು ಬರೆಯಲು ಸಾಧ್ಯವಿಲ್ಲ. ವಹ್ನಿಕುಲ ಕ್ಷತ್ರಿಯರೆಂದು ತಮ್ಮನ್ನು ಗುರುತಿಸಿಕೊಳ್ಳುವ ಇವರು ಕೆರೆಗಳ ಕೆಳಗೆ ಹೂ, ಸೊಪ್ಪು, ತರಕಾರಿಗಳನ್ನು ಬೆಳೆದು ಪೇಟೆಯನ್ನು ಪೋಷಿಸಿದವರು. ಲಾಲ್‌ಬಾಗಿನ ಕೆಲಸಕ್ಕಾಗಿ ಹೈದರನೇ ಇವರನ್ನು ಕರೆತಂದನೆಂಬ ಹೇಳಿಕೆ ಪ್ರಚಲಿತವಾಗಿದೆ. ಅದಕ್ಕೂ ಮೊದಲೇ ಇವರು ಇಲ್ಲಿದ್ದರೆಂಬ ವಾದವೂ ಇದೆ. ಚೈತ್ರ ಹುಣ್ಣಿಮೆಯ ರಾತ್ರಿ ಧರ್ಮರಾಯಸ್ವಾಮಿ ದೇವಾಲಯದಿಂದ ಹೊರಡುವ ಕರಗ ಇವರದು. ಸ್ಮೃತಿ ಶ್ರೀನಿವಾಸ್ ಅವರು 2001ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಅಧ್ಯಯನವು ಕರಗದ ಹಾದಿಯನ್ನು ನಗರದ ಕೆರೆ, ತೋಟ, ಕೋಟೆಗಳ ಸ್ಮೃತಿಯೊಂದಿಗೆ ಜೋಡಿಸಿ ತೋರಿಸಿತು.

ಆ ಹಾದಿಯಲ್ಲಿ ಬರುವ ಸಂಪಂಗಿ ಕೆರೆಯನ್ನು ಇಲ್ಲಿ ನೆನೆಯಬೇಕು. ಲಾಲ್‌ಬಾಗಿನಿಂದ ಉತ್ತರಕ್ಕೆ, ಕಬ್ಬನ್ ಉದ್ಯಾನದ ಪಕ್ಕದಲ್ಲಿದ್ದ ಈ ಕೆರೆಯ ಅಂಗಳದಲ್ಲಿ ಇಂದು ಶ್ರೀ ಕಂಠೀರವ ಕ್ರೀಡಾಂಗಣವಿದೆ. ನಗರಕ್ಕೆ ಆಧುನಿಕ ಕ್ರೀಡಾಸೌಲಭ್ಯ ದೊರೆಯಿತು. ತೋಟಗಾರರಿಗೆ ನೀರು ಹೋಯಿತು. ಕರಗದ ವಿಧಿಗಳಿಗೆಂದು ಚಿಕ್ಕದೊಂದು ಕುಂಟೆಯನ್ನು ಮಾತ್ರ ಉಳಿಸಲಾಗಿದೆ. ಆಚರಣೆಯು ಉಳಿಯದೇ ಹೋಗಿದ್ದರೆ ಅಷ್ಟು ನೀರೂ ಉಳಿಯುತ್ತಿರಲಿಲ್ಲವೆಂಬುದು ನನ್ನ ಅಭಿಪ್ರಾಯ.

ಲಾಲ್‌ಬಾಗಿನಲ್ಲಿ ಇಂತಹ ಗುರುತೂ ಕಾಣಸಿಗದು. ಇಲ್ಲಿನ ಅಧಿಕೃತ ವರ್ಷಚಕ್ರವು ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯೋತ್ಸವದ ಎರಡು ಫಲಪುಷ್ಪ ಪ್ರದರ್ಶನಗಳ ಸುತ್ತ ತಿರುಗುತ್ತದೆ. 1912ರಲ್ಲಿ ಸ್ಥಾಪನೆಯಾದ ಮೈಸೂರು ಉದ್ಯಾನ ಕಲಾ ಸಂಘವು ಈ ಪರಂಪರೆಯನ್ನು ಮುನ್ನಡೆಸಿತು. 2022ರ ಆಗಸ್ಟ್ ಪ್ರದರ್ಶನದಲ್ಲಿ ರಾಜಕುಮಾರ್ ಮತ್ತು ಪುನೀತ್ ರಾಜ್‌ಕುಮಾರ್ ಅವರ ಸ್ಮರಣಾರ್ಥ ಗಾಜನೂರಿನ ಮನೆಯನ್ನು ಹೂಗಳಲ್ಲಿ ಕಟ್ಟಿದಾಗ, ಹೂ ನೋಡಲು ಬಂದವರಲ್ಲಿ ಅನೇಕರು ಕೈಮುಗಿದು ಮುಂದೆ ಸಾಗಿದರು. ಪ್ರದರ್ಶನವು ಪರಿಷೆಯಾಗುವುದೆಂದರೆ ಇದೇ.

2000ರ ದಶಕದಲ್ಲಿ ಇದೇ ತೋಟದಲ್ಲಿ ಸರ್ಕಾರದ ವತಿಯಿಂದ ಜಾನಪದ ಜಾತ್ರೆಗಳು ನಡೆದವು. ಡೊಳ್ಳು, ಕಂಸಾಳೆ, ವೀರಗಾಸೆಯ ಕಲಾವಿದರು ದೂರದ ಜಿಲ್ಲೆಗಳಿಂದ ಬಂದು ಕಲೆ ತೋರಿದರು. ಅದು ಸ್ವಾಗತಾರ್ಹವೇ. ಆದರೆ ನಾವು ಜಾನಪದವನ್ನು ಹೊರಗಿನಿಂದ ಲಾರಿ, ಬಸ್ಸುಗಳಲ್ಲಿ ತಂದು ವೇದಿಕೆಗೆ ಏರಿಸುತ್ತಿದ್ದಾಗ, ಅದೇ ವೇದಿಕೆಯ ಪಕ್ಕದ ಪಾತಿಯಲ್ಲಿ ಕಸಿ ಕಟ್ಟುತ್ತಿದ್ದವನ ತಿಳಿವಳಿಕೆ ನಮಗೆ ಜಾನಪದವಾಗಿ ತೋರಲಿಲ್ಲ. ನಾನೂ ಆ ಸಭಿಕರಲ್ಲಿ ಒಬ್ಬನಾಗಿದ್ದೆ. ಹಾಡುಗಳನ್ನು ಧ್ವನಿಮುದ್ರಿಸಿಕೊಂಡು ಮನೆಗೆ ಮರಳಿದೆ.

ಪ್ರವೇಶದ ಪ್ರಶ್ನೆಯನ್ನೂ ಎತ್ತಬೇಕಾಗಿದೆ. ಮುಂಜಾನೆ ನಡಿಗೆಗೆ ಬರುವವರಿಗೆ ಶುಲ್ಕವಿಲ್ಲ. ಅವರ ವಿಹಾರವು ಮಾವಳ್ಳಿಯ ಹೋಟೆಲಿನ ಕಾಫಿಯಲ್ಲಿ ಮುಗಿಯುವುದೂ ಉಂಟು. ಬಿಸಿಲೇರಿದ ಮೇಲೆ ಮಕ್ಕಳುಮರಿಗಳೊಂದಿಗೆ ಬುತ್ತಿ ಹೊತ್ತು ಬರುವ ಹೊರವೂರಿನ ಕುಟುಂಬವು ಟಿಕೇಟು ಕೊಳ್ಳಬೇಕು. ನಿರ್ವಹಣೆಗೆ ಹಣ ಬೇಕೆಂಬುದನ್ನು ಅಲ್ಲಗಳೆಯಲಾಗದು. ಆದರೂ ಇಲ್ಲಿಗೆ ಸಮೀಪದಲ್ಲೇ, ಬಸವನಗುಡಿಯಲ್ಲಿ, ಕಾರ್ತಿಕದ ಕಡೆಯ ಸೋಮವಾರ ನಡೆಯುವ ಕಡಲೆಕಾಯಿ ಪರಿಷೆಗೆ ಬೇಲಿಯೂ ಇಲ್ಲ, ಬಾಗಿಲೂ ಇಲ್ಲ. ಒಂದೇ ಬಡಾವಣೆಯ ಆಸುಪಾಸಿನಲ್ಲಿ ವಿಹಾರದ ಎರಡು ಪದ್ಧತಿಗಳು ಹೀಗೆ ಜೊತೆಯಾಗಿ ಉಳಿದಿವೆ.

ತೋಟದ ಪೂರ್ವಕ್ಕಿರುವ ಸಿದ್ದಾಪುರದಲ್ಲಿ ಸಸಿ ಬೆಳೆಸಿ ಮಾರುವ ಹಳೆಯ ಕುಟುಂಬಗಳಿವೆ. ಲಾಲ್‌ಬಾಗಿನ ಒಳಗೇ ನರ್ಸರಿದಾರರ ಸಹಕಾರ ಸಂಘದ ಮಳಿಗೆಯಿದೆ. ಕಸಿಯ ವಿಧಾನ, ಮಣ್ಣು ಗೊಬ್ಬರಗಳ ಹದ, ಮಳೆ ನಕ್ಷತ್ರಗಳನ್ನು ನೋಡಿ ನಾಟಿ ಮಾಡುವ ಕ್ರಮ, ಗಿಡಗಳಿಗೆ ಮನೆಮಾತಿನಲ್ಲಿರುವ ಹೆಸರುಗಳು, ಇವೆಲ್ಲ ಅಲ್ಲಿನ ಹಿರಿಯರ ಬಾಯಲ್ಲಿರಬೇಕು. ನಗರದ ನೆಲದ ಬೆಲೆ ಏರುತ್ತಿರುವ ವೇಗದಲ್ಲಿ ಈ ಸಸಿಮಡಿಗಳು ಎಷ್ಟು ಕಾಲ ಉಳಿದಾವೆಂದು ಹೇಳಲಾಗದು. ಸಂಶೋಧನೆಯನ್ನು ಅಲ್ಲಿಂದ, ಮುಂದಿನ ಮುಂಗಾರಿಗೆ ಮೊದಲೇ, ಆರಂಭಿಸಬೇಕಾಗಿದೆ.