ರಾಜನ ಚರಿತ್ರೆ, ಸಿದ್ದಿಗಳ ನೆನಪು

ಕೊಡಗಿನ ಅರಸ ದೊಡ್ಡವೀರರಾಜೇಂದ್ರನು ತನ್ನ ವಂಶದ ಚರಿತ್ರೆಯನ್ನು ‘ರಾಜೇಂದ್ರನಾಮೆ’ ಎಂಬ ಹೆಸರಿನಲ್ಲಿ ಬರೆಯಿಸಿದನು. 1633ರಿಂದ 1807ರವರೆಗಿನ ಘಟನೆಗಳು ಅದರಲ್ಲಿವೆ. ಕರಿಕೆಯಿಂದ ಘಟ್ಟವನ್ನೇರಿ ಭಾಗಮಂಡಲವನ್ನು ದಾಟಿ ಸಾಗಿದರೆ, ತಡಿಯಂಡಮೋಳ್ ಬೆಟ್ಟದ ಬುಡದಲ್ಲಿ ಅವನೇ ಕಟ್ಟಿಸಿದ ನಾಲ್ಕುನಾಡು ಅರಮನೆ ಇಂದಿಗೂ ಇದೆ. ಅದರ ಆಸುಪಾಸಿನ ಕಾಪಾಳರ ವಿಷಯದಲ್ಲಿ ಮಾತ್ರ ಹಳೆಯ ಬರಹಗಳು ಒಂದು ಊಹೆಗೆ ತೃಪ್ತವಾಗುತ್ತವೆ: ಇವರು ಆಫ್ರಿಕಾ ಮೂಲದ ಸಿದ್ದಿಗಳೂ ಸ್ಥಳೀಯರೂ ಬೆರೆತ ಜನರಿರಬಹುದು ಎಂಬುದು ಆ ಊಹೆ. ಅರಸನಿಗೆ ಗ್ರಂಥ ದೊರೆಯಿತು. ಅರಮನೆಯ ನೆರೆಯವರಿಗೆ ಪರರು ಬರೆದ ಒಂದು ವಾಕ್ಯ ದೊರೆಯಿತು.

ಕರ್ನಾಟಕದ ಸಿದ್ದಿಗಳು ಹೆಚ್ಚಾಗಿ ನೆಲೆಸಿರುವುದು ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಸೀಮೆಯ ಕಾಡುಗಳಲ್ಲಿ. ಪೋರ್ಚುಗೀಸರು ಪೂರ್ವ ಆಫ್ರಿಕಾದಿಂದ ಗೋವೆಗೆ ತಂದ ಗುಲಾಮರಲ್ಲಿ ತಪ್ಪಿಸಿಕೊಂಡು ಘಟ್ಟ ಸೇರಿದವರ ಸಂತತಿ ಇವರಲ್ಲಿದೆ. ಟಿ.ಸಿ. ಪಾಲಾಕ್ಷಪ್ಪನವರು 1976ರಲ್ಲಿ ಇವರನ್ನು ಕುರಿತು ಪುಸ್ತಕವನ್ನೇ ಪ್ರಕಟಿಸಿದರು. ಆದರೆ ಸಿದ್ದಿಗಳ ಸ್ವಂತ ದಾಖಲೆ ಕಾಗದದಲ್ಲಿಲ್ಲ. ಅದು ಡಮಾಮಿಯ ಬಡಿತದಲ್ಲಿದೆ, ಹಾಡು ಕುಣಿತಗಳಲ್ಲಿದೆ, ಮನೆಮಂದಿಯ ಹಳೆಯ ಬಟ್ಟೆಗಳನ್ನು ಕೂಡಿಸಿ ಹೆಂಗಸರು ಹೊಲಿಯುವ ಕೌದಿಯಲ್ಲಿದೆ. ಕೌದಿಯ ನಾಲ್ಕು ಮೂಲೆಗಳಲ್ಲಿ ‘ಫುಲಾ’ ಎಂಬ ಹೂವನ್ನು ಕೂರಿಸದೆ ಅದು ಪೂರ್ಣವಾಗದು. ಹಿಂದೂ, ಮುಸ್ಲಿಂ, ಕ್ರೈಸ್ತ ಎಂದು ಹಂಚಿಹೋದ ಈ ಸಮುದಾಯವನ್ನು ಬೆಸೆದಿರುವುದೂ ಇಂಥ ನೆನಪೇ.

ಈ ನೆನಪು ಕೇವಲ ಕಲೆಯ ವಿಷಯವಲ್ಲ. ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಧಾರವಾಡ, ಬೆಳಗಾವಿ ಜಿಲ್ಲೆಗಳ ಸಿದ್ದಿಗಳು 2020ರವರೆಗೆ ಕಾಯಬೇಕಾಯಿತು. ಬಂಧುತ್ವ ಜಿಲ್ಲೆಯ ಗಡಿಯನ್ನು ಅರಿಯದು. ಕಡತಕ್ಕೆ ಗಡಿಯೇ ಮುಖ್ಯ.

ಕರಿಯರಿಗೆ ಚರಿತ್ರೆಯೇ ಇಲ್ಲವೆಂಬ ಮಾತನ್ನು ಪೋರ್ಟೊರಿಕೊದಲ್ಲಿ ಹುಟ್ಟಿದ ಆರ್ಟುರೊ ಶೋಂಬರ್ಗ್ ಪುಸ್ತಕ, ಹಸ್ತಪ್ರತಿ, ಚಿತ್ರಗಳನ್ನು ಸಂಗ್ರಹಿಸಿಯೇ ಅಲ್ಲಗಳೆದರು. 1926ರಲ್ಲಿ ಆ ಸಂಗ್ರಹ ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯಕ್ಕೆ ಸೇರಿತು. ಅವರ ಹೆಸರಿನ ಕೇಂದ್ರವೇ 2013ರಲ್ಲಿ ಭಾರತದ ಆಫ್ರಿಕನ್ನರನ್ನು ಕುರಿತು ಪ್ರದರ್ಶನ ನಡೆಸಿತು. ಅಷ್ಟು ದೂರದಲ್ಲಿ ಆದದ್ದು ಯಲ್ಲಾಪುರದಲ್ಲಿಯೂ ಆಗಬೇಕು. ಹಾಡಿದವರ, ಹೊಲಿದವರ ಹೆಸರು, ಊರು, ದಿನಾಂಕಗಳೊಡನೆ ಧ್ವನಿಮುದ್ರಣಗಳೂ ಚಿತ್ರಗಳೂ ಸಿದ್ದಿ ಕೇರಿಯಲ್ಲೇ ಉಳಿಯಬೇಕು. ಯಾವುದನ್ನು ಹೊರಗಿನವರಿಗೆ ತೋರಬೇಕೆಂಬ ನಿರ್ಧಾರವೂ ಅವರದೇ ಆಗಬೇಕು. ವಿಶ್ವವಿದ್ಯಾಲಯಗಳ ಸಂಶೋಧಕರು ತಾವು ಸಂಗ್ರಹಿಸಿದ್ದರ ಪ್ರತಿಯನ್ನು ಮರಳಿಸುವುದರಿಂದಲೇ ಈ ಕೆಲಸ ಆರಂಭವಾಗಬಹುದು. ಕಾಪಾಳರ ಹಿರಿಯರ ಮಾತನ್ನು ಕೇಳಿ ದಾಖಲಿಸುವ ಕೆಲಸವಂತೂ ತಡಮಾಡುವಂಥದ್ದಲ್ಲ.