ಟ್ರೆವರ್ ಬರ್ಬಿಕ್: ಅಲಿಯ ಕೊನೆಯ ಎದುರಾಳಿ, ಟೈಸನ್‌ನ ಮೊದಲ ಮೆಟ್ಟಿಲು

ಮಹಮದ್ ಅಲಿ ತನ್ನ ಬದುಕಿನ ಕಟ್ಟಕಡೆಯ ಸ್ಪರ್ಧೆಯಲ್ಲಿ ಸೋತದ್ದು ಯಾರಿಗೆ? ಇಪ್ಪತ್ತರ ಹರೆಯದ ಮೈಕ್ ಟೈಸನ್ ಹೆವಿವೇಟ್ ವಿಶ್ವಪಟ್ಟವನ್ನು ಕಸಿದುಕೊಂಡದ್ದು ಯಾರಿಂದ? ಈ ಎರಡೂ ಪ್ರಶ್ನೆಗಳಿಗೆ ಉತ್ತರ ಒಂದೇ: ಟ್ರೆವರ್ ಬರ್ಬಿಕ್. ಜಮೈಕಾದಲ್ಲಿ ಹುಟ್ಟಿ, ಕೆನಡಾದಲ್ಲಿ ಮುಷ್ಟಿಯುದ್ಧವನ್ನೇ ವೃತ್ತಿಯಾಗಿಸಿಕೊಂಡು, ಅಮೆರಿಕದಲ್ಲಿ ಕಿರೀಟವನ್ನು ಗೆದ್ದು ಅಲ್ಲೇ ಕಳೆದುಕೊಂಡ ಈ ಬಾಕ್ಸರ್‌ನನ್ನು ಕ್ರೀಡಾ ಇತಿಹಾಸ ಇತರರ ಕಥೆಗಳ ಅಡಿಟಿಪ್ಪಣಿಯಾಗಿ ಮಾತ್ರ ಉಳಿಸಿಕೊಂಡಿದೆ. ಆದರೆ 61 ಸ್ಪರ್ಧೆಗಳ ಆತನ ವೃತ್ತಿಜೀವನ ಆ ಎರಡು ರಾತ್ರಿಗಳಿಗಿಂತ ದೊಡ್ಡದು.

ಬರ್ಬಿಕ್ ಜನಿಸಿದ್ದು 1954ರಲ್ಲಿ, ಜಮೈಕಾದ ಪೋರ್ಟ್‌ಲ್ಯಾಂಡ್ ಪ್ರಾಂತ್ಯದ ಪೋರ್ಟ್ ಆಂಟೋನಿಯೊ ಬಳಿಯ ನಾರ್ವಿಚ್ ಎಂಬ ಊರಿನಲ್ಲಿ. ಹದಿಹರೆಯದಲ್ಲಿಯೇ ಕ್ಯೂಬಾದ ಗ್ವಾಂಟನಾಮೊದಲ್ಲಿರುವ ಅಮೆರಿಕದ ನೌಕಾನೆಲೆಯಲ್ಲಿ ಕೆಲಸಕ್ಕೆ ಸೇರಿದ. ಮುಷ್ಟಿಯುದ್ಧದ ಪರಿಚಯ ಆದದ್ದು ಅಲ್ಲಿನ ಸೈನಿಕರ ನಡುವೆ. ಹವ್ಯಾಸಿ ಸ್ಪರ್ಧೆಗಳ ಅನುಭವ ಅತ್ಯಲ್ಪವಾಗಿದ್ದರೂ 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಜಮೈಕಾವನ್ನು ಪ್ರತಿನಿಧಿಸುವ ಅವಕಾಶ ದೊರೆಯಿತು. ಅಲ್ಲಿ ರುಮೇನಿಯಾದ ಮಿರ್ಚಾ ಸಿಮೋನ್ ಎದುರು ಸೋಲು. ಅದೇ ಸಿಮೋನ್ ಮುಂದೆ ಫೈನಲ್ ತಲುಪಿ, ಕ್ಯೂಬಾದ ತಿಯೊಫಿಲೊ ಸ್ಟೀವನ್‌ಸನ್‌ಗೆ ಶರಣಾಗಿ ಬೆಳ್ಳಿ ಪದಕ ಪಡೆದ.

ಕ್ರೀಡಾಕೂಟ ಮುಗಿದ ಮೇಲೆ ಬರ್ಬಿಕ್ ಕೆನಡಾದಲ್ಲಿಯೇ ನೆಲೆ ನಿಂತ. ನೋವಾಸ್ಕೋಷಿಯಾದ ಬಂದರು ನಗರ ಹ್ಯಾಲಿಫ್ಯಾಕ್ಸ್ ಆತನ ಎರಡನೆಯ ಊರಾಯಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ವೃತ್ತಿಪರ ಬಾಕ್ಸಿಂಗ್‌ಗೆ ಕಾಲಿಟ್ಟು, ಕೆಲವೇ ವರ್ಷಗಳಲ್ಲಿ ಕೆನಡಾದ ಹೆವಿವೇಟ್ ಚಾಂಪಿಯನ್ ಎನಿಸಿದ. 1979ರಲ್ಲಿ ಕೊಲಂಬಿಯಾದ ಬರ್ನಾರ್ಡೊ ಮರ್ಕಾಡೊ ಮೊದಲ ಸುತ್ತಿನಲ್ಲಿಯೇ ನೆಲಕ್ಕೆ ಉರುಳಿಸಿದಾಗ, ಈತನ ಭವಿಷ್ಯ ಇಷ್ಟೇ ಎಂದುಕೊಂಡವರು ಕಡಿಮೆಯೇನಲ್ಲ.

ಆ ಮಾತು ಸುಳ್ಳಾದದ್ದು 1980ರ ಜೂನ್ 20ರಂದು. ಮಾಂಟ್ರಿಯಲ್‌ನಲ್ಲಿ ಶುಗರ್ ರೇ ಲಿಯೊನಾರ್ಡ್ ಮತ್ತು ರಾಬರ್ಟೊ ಡ್ಯುರಾನ್ ನಡುವಿನ ಮೊದಲ ಕದನವನ್ನು ನೋಡಲು ಜಗತ್ತೇ ಕಾದಿದ್ದ ದಿನ ಅದು. ಅದೇ ಕಾರ್ಯಕ್ರಮದಲ್ಲಿ ಬರ್ಬಿಕ್, ಮೂರು ತಿಂಗಳ ಹಿಂದಷ್ಟೇ ವಿಶ್ವಪಟ್ಟ ಕಳೆದುಕೊಂಡಿದ್ದ ಜಾನ್ ಟೇಟ್‌ನನ್ನು ಒಂಬತ್ತನೆಯ ಸುತ್ತಿನಲ್ಲಿ ನಾಕೌಟ್ ಮಾಡಿದ. ಬೆನ್ನು ತಿರುಗಿಸಿ ದೂರ ಸರಿಯುತ್ತಿದ್ದ ಟೇಟ್‌ನ ತಲೆಯ ಹಿಂಭಾಗಕ್ಕೆ ಬಿದ್ದ ಹೊಡೆತ ಸರಿಯೇ ತಪ್ಪೇ ಎಂಬ ಚರ್ಚೆ ನಡೆಯಬಹುದು. ಫಲಿತಾಂಶವಂತೂ ಬದಲಾಗಲಿಲ್ಲ. ಅದರ ಬಲದಿಂದ 1981ರ ಏಪ್ರಿಲ್ 11ರಂದು ಲಾಸ್ ವೇಗಸ್‌ನಲ್ಲಿ ಲ್ಯಾರಿ ಹೋಮ್ಸ್ ಎದುರು ವಿಶ್ವಪಟ್ಟಕ್ಕಾಗಿ ಕಣಕ್ಕಿಳಿಯುವ ಅವಕಾಶ ಒದಗಿತು. ಹೋಮ್ಸ್ ಅದುವರೆಗೆ ತನ್ನ ಪಟ್ಟವನ್ನು ಎಂಟು ಬಾರಿ ಉಳಿಸಿಕೊಂಡಿದ್ದು, ಎಂಟೂ ಸಲ ಎದುರಾಳಿ ನಿಗದಿತ ಸುತ್ತುಗಳನ್ನು ಪೂರೈಸಿರಲಿಲ್ಲ. ಬರ್ಬಿಕ್ ಹದಿನೈದು ಸುತ್ತು ನಿಂತ. ಅಂಕಗಳಲ್ಲಿ ಸ್ಪಷ್ಟವಾಗಿ ಸೋತರೂ ತಜ್ಞರು ಆತನ ಹೆಸರನ್ನು ಗುರುತಿಟ್ಟುಕೊಂಡರು.

ಎಂಟು ತಿಂಗಳ ಬಳಿಕ, 1981ರ ಡಿಸೆಂಬರ್ 11ರಂದು, ಬಹಾಮಾಸ್‌ನ ರಾಜಧಾನಿ ನಸ್ಸಾವುವಿನಲ್ಲಿ ಅಲಿಯೊಂದಿಗೆ ಮುಖಾಮುಖಿ. ಹಿಂದಿನ ವರ್ಷ ಹೋಮ್ಸ್ ಕೈಯಲ್ಲಿ ದಾರುಣವಾಗಿ ಸೋತಿದ್ದ ಅಲಿಗೆ ನಲವತ್ತು ತುಂಬಲು ತಿಂಗಳೊಂದೇ ಬಾಕಿ. ತೂಕ 236 ಪೌಂಡ್. ಬರ್ಬಿಕ್‌ಗೆ 27. ವ್ಯವಸ್ಥೆಯಂತೂ ಅಧ್ವಾನ. ಸಂಭಾವನೆ ಮುಂಗಡವಾಗಿ ಕೈಸೇರದೆ ಕಣಕ್ಕಿಳಿಯುವುದಿಲ್ಲವೆಂದು ಬರ್ಬಿಕ್ ಹಟ ಹಿಡಿದಿದ್ದ. ಸ್ಪರ್ಧಿಗಳಿಗೆ ಬೇಕಾದಷ್ಟು ಗ್ಲೌಸ್‌ಗಳಿರಲಿಲ್ಲ. ಸುತ್ತಿನ ಆರಂಭ, ಅಂತ್ಯ ಸಾರಲು ಸರಿಯಾದ ಗಂಟೆಯೂ ಇರದೆ ಹಸುವಿನ ಕೊರಳ ಗಂಟೆಯನ್ನು ಬಾರಿಸಲಾಯಿತು! ಜಗತ್ತು ಕಂಡ ಮಹಾನ್ ಮುಷ್ಟಿಪಟುವಿನ ವಿದಾಯ ಇಂಥ ಕಡೆ ನಡೆದದ್ದು ವಿಷಾದದ ಸಂಗತಿ. ಹತ್ತು ಸುತ್ತುಗಳ ನಂತರ ಮೂವರು ತೀರ್ಪುಗಾರರೂ ಬರ್ಬಿಕ್ ಪರವಾಗಿ ತೀರ್ಪಿತ್ತರು. ಮರುದಿನ ಅಲಿ ನಿವೃತ್ತಿ ಘೋಷಿಸಿದ. 1984ರಲ್ಲಿ ಅಲಿಗೆ ಪಾರ್ಕಿನ್ಸನ್ ಕಾಯಿಲೆಯ ಲಕ್ಷಣಗಳಿರುವುದು ಬೆಳಕಿಗೆ ಬಂದ ಮೇಲೆ ಈ ಗೆಲುವಿಗೆ ಇದ್ದ ಅಲ್ಪಸ್ವಲ್ಪ ಬೆಲೆಯೂ ಕುಗ್ಗಿತು. ಆದರೂ ಬರ್ಬಿಕ್ ಅದನ್ನು ತನ್ನ ಬಹುದೊಡ್ಡ ಬಿರುದಿನಂತೆ ಹೊತ್ತು ತಿರುಗಿದ.

ಮುಂದಿನ ವರ್ಷಗಳಲ್ಲಿ ಏಳುಬೀಳುಗಳು. 1982ರಲ್ಲಿ ಅಜೇಯನಾಗಿದ್ದ ಗ್ರೆಗ್ ಪೇಜ್‌ನನ್ನು ಸೋಲಿಸಿದ ಬರ್ಬಿಕ್, ಅದೇ ವರ್ಷ ರಿನಾಲ್ಡೊ ಸ್ನೈಪ್ಸ್‌ಗೆ ಸೋತ. ಆದರೆ 1986ರ ಮಾರ್ಚ್ 22 ಆತನ ಬಾಳಿನ ಶ್ರೇಷ್ಠ ದಿನ. ಲಾಸ್ ವೇಗಸ್‌ನಲ್ಲಿ, ಅಲ್ಲಿಯವರೆಗೆ ಒಂದೂ ಸ್ಪರ್ಧೆ ಸೋಲದ ಪಿಂಕ್ಲನ್ ಥಾಮಸ್ ವಿರುದ್ಧ ಸರ್ವಾನುಮತದ ತೀರ್ಪಿನಿಂದ ಡಬ್ಲ್ಯೂಬಿಸಿ ಪಟ್ಟವನ್ನು ಗೆದ್ದ. ಜಮೈಕಾದಲ್ಲಿ ಹುಟ್ಟಿ ಈ ವಿಭಾಗದ ವಿಶ್ವಪಟ್ಟಕ್ಕೇರಿದವರಲ್ಲಿ ಆತನೇ ಮೊದಲಿಗ. ಕೆನಡಾಕ್ಕಾದರೂ 1908ರಲ್ಲಿ ಟಾಮಿ ಬರ್ನ್ಸ್ ಪಟ್ಟ ಕಳೆದುಕೊಂಡ ನಂತರ ಇಂಥ ಸಂಭ್ರಮ ಒದಗಿರಲಿಲ್ಲ. ಅಲಿಯಿಂದಾಗಲಿ ಟೈಸನ್‌ನಿಂದಾಗಲಿ ಎರವಲು ಪಡೆಯದ ಬೆಳಕು ಬರ್ಬಿಕ್ ಮೇಲೆ ಬಿದ್ದದ್ದು ಅಂದು ಮಾತ್ರ.

ಪಟ್ಟದ ಆಯುಷ್ಯ ಸರಿಯಾಗಿ ಎಂಟು ತಿಂಗಳು. ನವೆಂಬರ್ 22ರಂದು ಲಾಸ್ ವೇಗಸ್ ಹಿಲ್ಟನ್‌ನಲ್ಲಿ ಎದುರು ನಿಂತವನು ಟೈಸನ್. ಕಪ್ಪು ಚಡ್ಡಿಯನ್ನು ಬರ್ಬಿಕ್ ತನಗೆಂದು ಆರಿಸಿಕೊಂಡಿದ್ದರಿಂದ, ತಾನೂ ಕಪ್ಪನ್ನೇ ಧರಿಸಿ ಬಂದ ಟೈಸನ್ 5,000 ಡಾಲರ್ ದಂಡ ತೆರಬೇಕಾಯಿತು. ಬರ್ಬಿಕ್‌ನ ಮೂಲೆಯಲ್ಲಿ ಈ ಬಾರಿ ನಿಂತಿದ್ದವರು ಏಂಜೆಲೊ ಡಂಡಿ, ಅಂದರೆ ಅಲಿಯ ತರಬೇತುದಾರ. ಅಲಿಯೂ ಆ ರಾತ್ರಿ ಅಲ್ಲಿ ಉಪಸ್ಥಿತನಿದ್ದ. ಬರ್ಬಿಕ್ ಮಾಡಿದ ದೊಡ್ಡ ತಪ್ಪೆಂದರೆ ತಾನು ಹಿಂಜರಿಯುವವನಲ್ಲ ಎಂದು ತೋರಿಸಲು ಟೈಸನ್‌ನ ಮುಂದೆಯೇ ನಿಂತು ಹೊಡೆತಕ್ಕೆ ಹೊಡೆತ ಕೊಡಲು ಹೋದದ್ದು. ಎರಡನೆಯ ಸುತ್ತಿನ ಆರಂಭದಲ್ಲಿ ಒಮ್ಮೆ ಬಿದ್ದು ಎದ್ದ. ಅದೇ ಸುತ್ತಿನ ಕೊನೆಯ ಭಾಗದಲ್ಲಿ ಎಡಗೈಯ ಹುಕ್ ಒಂದು ತಲೆಗೆ ತಾಗಿತು. ಬಿದ್ದ, ಎದ್ದ, ಹಗ್ಗದತ್ತ ಓಲಾಡಿ ಮತ್ತೆ ಬಿದ್ದ, ಪುನಃ ಎದ್ದು ಮೂರನೆಯ ಬಾರಿಗೆ ಕುಸಿದ. ಒಂದೇ ಹೊಡೆತ, ಮೂರು ಪತನ. ರೆಫರಿ ಮಿಲ್ಸ್ ಲೇನ್ 2 ನಿಮಿಷ 35 ಸೆಕೆಂಡಿಗೆ ಸ್ಪರ್ಧೆ ನಿಲ್ಲಿಸಿದರು. ಟೈಸನ್ ಫ್ಲಾಯ್ಡ್ ಪ್ಯಾಟರ್ಸನ್‌ನ 1956ರ ದಾಖಲೆ ಮುರಿದು ಅತಿ ಕಿರಿಯ ಹೆವಿವೇಟ್ ಚಾಂಪಿಯನ್ ಎನಿಸಿದ. ಬರ್ಬಿಕ್ ತತ್ತರಿಸುವ ಆ ದೃಶ್ಯವನ್ನು ಟೆಲಿವಿಷನ್ ವಾಹಿನಿಗಳು ದಶಕಗಳ ಕಾಲ ಪುನಃಪುನಃ ತೋರಿಸಿದವು. ಮೂರು ಬಾರಿಯೂ ಏಳಲು ಯತ್ನಿಸಿದವನ ಛಲವನ್ನು ಗಮನಿಸಿದವರು ವಿರಳ.

ಆ ಬಳಿಕದ್ದು ಅವನತಿಯ ಅಧ್ಯಾಯ. 1991ರಲ್ಲಿ ಫ್ಲಾರಿಡಾದ ಬೀದಿಯಲ್ಲಿ ಹೋಮ್ಸ್ ಕಾರೊಂದರ ಮೇಲಿನಿಂದ ಜಿಗಿದು ಬರ್ಬಿಕ್ ಮೇಲೆರಗಿದ್ದು ಕ್ಯಾಮೆರಾದಲ್ಲಿ ಸೆರೆಯಾಯಿತು. ಅದೇ ವರ್ಷ ಜಪಾನಿನಲ್ಲಿ ಕುಸ್ತಿಪಟು ನೊಬುಹಿಕೊ ತಕಾಡಾನ ಒದೆತಗಳನ್ನು ತಾಳಲಾರದೆ ಮೊದಲ ಸುತ್ತಿನಲ್ಲೇ ಕಣ ಬಿಟ್ಟು ಹೊರನಡೆದ. ಇವು ನಗೆಯ ಪ್ರಸಂಗಗಳಾದರೆ, 1992ರ ತೀರ್ಪು ಹಾಗಲ್ಲ. ತನ್ನ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಯುವತಿಯ ಮೇಲೆ ಅತ್ಯಾಚಾರ ಎಸಗಿದ ಅಪರಾಧಕ್ಕಾಗಿ ಫ್ಲಾರಿಡಾದ ನ್ಯಾಯಾಲಯ ಆತನಿಗೆ ನಾಲ್ಕು ವರ್ಷಗಳ ಸೆರೆವಾಸ ವಿಧಿಸಿತು. ಹದಿನೈದು ತಿಂಗಳು ಜೈಲಿನಲ್ಲಿ ಕಳೆದ. ಬಾಕ್ಸಿಂಗ್ ಬರಹಗಳು ಇದನ್ನು ಒಂದು ಸಾಲಿನಲ್ಲಿ ದಾಟಿ, ಮುಂದೆ ಆತನಿಗೊದಗಿದ ಅಂತ್ಯಕ್ಕೆ ಮರುಗುವುದುಂಟು. ಅದು ನ್ಯಾಯವಲ್ಲ.

1997ರಲ್ಲಿ ಅಮೆರಿಕ ಗಡೀಪಾರು ಮಾಡಿತು. ಕೆನಡಾಕ್ಕೆ ಮರಳಿದ ಬರ್ಬಿಕ್ 40ರ ಗಡಿ ದಾಟಿದ ನಂತರವೂ ಷೇನ್ ಸಟ್‌ಕ್ಲಿಫ್‌ನನ್ನು ಮಣಿಸಿ ಮತ್ತೆ ರಾಷ್ಟ್ರೀಯ ಪಟ್ಟ ಧರಿಸಿದ. 2000ದಲ್ಲಿ ಅದೇ ಎದುರಾಳಿಯೊಂದಿಗೆ ನಡೆದ ಹಣಾಹಣಿಯೇ ಕೊನೆಯದು. ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿರುವುದು ಸ್ಕ್ಯಾನಿಂಗ್‌ನಲ್ಲಿ ಪತ್ತೆಯಾಗಿ ಪರವಾನಗಿ ರದ್ದಾಯಿತು. ಒಟ್ಟು 49 ಗೆಲುವು (33 ನಾಕೌಟ್), 11 ಸೋಲು, 1 ಡ್ರಾ. 2002ರಲ್ಲಿ ಅಮೆರಿಕದಿಂದ ಮತ್ತೊಮ್ಮೆ ಗಡೀಪಾರಾಗಿ, ವಲಸೆ ಹೊರಟಿದ್ದ ಜಮೈಕಾಕ್ಕೇ ವಾಪಸಾದ.

2006ರ ಅಕ್ಟೋಬರ್ 28ರ ಬೆಳಿಗ್ಗೆ, ಹುಟ್ಟೂರು ನಾರ್ವಿಚ್‌ನ ಚರ್ಚ್ ಒಂದರ ಆವರಣದಲ್ಲಿ ತಲೆಗೆ ತೀವ್ರ ಗಾಯಗಳಾಗಿದ್ದ ಬರ್ಬಿಕ್‌ನ ಶವ ಪತ್ತೆಯಾಯಿತು. ಆಗ ಆತನಿಗೆ 52 ವರ್ಷ. ಕೊಲೆ ಮಾಡಿದವರಲ್ಲಿ ಸ್ವಂತ ಸೋದರಳಿಯನೂ ಒಬ್ಬ ಎಂಬುದು 2007ರ ಡಿಸೆಂಬರ್‌ನಲ್ಲಿ ನ್ಯಾಯಾಲಯದಲ್ಲಿ ಸಾಬೀತಾಯಿತು. 2008ರ ಜನವರಿಯಲ್ಲಿ ಆತನಿಗೆ ಜೀವಾವಧಿ ಹಾಗೂ ಜತೆಗಾರನಿಗೆ 14 ವರ್ಷಗಳ ಶಿಕ್ಷೆ ಪ್ರಕಟವಾಯಿತು.